ಅಡ್ಡ ನಿಂತ ಸೊಸೆ

"ಬೆನ್ನು ಈ ಕಡೆ ಮಾಡು ಅಂದ್ರ ಯಾಕ ಇಷ್ಟ ನಾಚ್ಕೋತಿ? ನಾನೇನ ಹೊರಗಿನಾಕಿ ಏನ?"

ಭಾಗೀರಥಿಯ ಕೈಯಲ್ಲಿ ಬೆಚ್ಚಗಿನ ಎಣ್ಣೆಯ ಬಟ್ಟಲಿತ್ತು. ನರಕ ಚತುರ್ದಶಿಯ ಬೆಳಗು. ಧಾರವಾಡದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಮನೆಮಂದಿಗೆಲ್ಲ ಎಣ್ಣೆ ನೀರು ಮುಗಿದು ಆರತಿಯೂ ಆಗಿರುತ್ತಿತ್ತು. ಇಲ್ಲಿ, ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಮಗನ ಮನೆಯಲ್ಲಿ, ಬಾತ್‌ರೂಮಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತ ಸೊಸೆ ಪ್ರಣತಿ ಟೀ ಶರ್ಟಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಜಗ್ಗಾಡುತ್ತಿದ್ದಳು.

"ಅತ್ತೆ, ಪ್ಲೀಸ್... ತಲೆಗಷ್ಟೇ ಸಾಕು. ಮಿಕ್ಕಿದ್ದು ನಾನೇ ಹಚ್ಕೋತೀನಿ."

"ಹಬ್ಬದ ದಿನಾ ಹಂಗೆಲ್ಲಾ ಅನಬಾರ್ದು" ಎನ್ನುತ್ತಲೇ ಭಾಗೀರಥಿ ಟೀ ಶರ್ಟನ್ನು ಹಿಂದಿನಿಂದ ಎತ್ತಿಬಿಟ್ಟಳು. ಎತ್ತಿದ ಕೈ ಹಾಗೆಯೇ ನಿಂತಿತು. ಬಲಭುಜದ ಕೆಳಗೆ ಅಂಗೈಯಗಲದ ನೀಲಿ ಕಲೆ. ಪಕ್ಕೆಯಲ್ಲಿ ಹಳದಿಗೆ ತಿರುಗಿದ ಹಳೆಯದೊಂದು. ಸೊಂಟದ ಮೇಲಿನದು ಇನ್ನೂ ಕೆಂಪಗಿತ್ತು, ನಿನ್ನೆ ಮೊನ್ನೆಯದಿರಬೇಕು. ಕಲೆಯ ಬಣ್ಣ ನೋಡಿ ಏಟು ಯಾವಾಗ ಬಿದ್ದದ್ದೆಂದು ಹೇಳಬಲ್ಲ ಹೆಂಗಸು ಆಕೆ. ಆ ವಿದ್ಯೆ ಎಲ್ಲಿ ಕಲಿತೆ ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಆಕೆಯೂ ಯಾರಿಗೂ ಹೇಳಿರಲಿಲ್ಲ.

ನಿಜ ಹೇಳಬೇಕೆಂದರೆ ಭಾಗೀರಥಿಗೆ ಈ ಸೊಸೆ ಮನಸ್ಸಿಗೆ ಬಂದವಳೇ ಅಲ್ಲ. ಮಗ ವಿರುಪಾಕ್ಷ ಆರಡಿಯ ಆಳು. ಸಿಡ್ನಿಯ ನಾರ್ವೆಸ್ಟ್‌ನಲ್ಲಿ ದೊಡ್ಡ ಕೆಲಸ. ಈಕೆಯೋ ಅವನ ಎದೆಗೂ ಬಾರದ ಕುಳ್ಳಿ. "ಮಾಲಿ ಹಾಕೂವಾಗ ಸ್ಟೂಲ್ ತರಸಬೇಕಾದೀತು" ಎಂದು ನಿಶ್ಚಿತಾರ್ಥದಲ್ಲಿ ಎಲ್ಲರ ಮುಂದೆ ಆಡಿ ತೋರಿಸಿದ್ದಳು. ಇಲ್ಲಿಗೆ ಬಂದ ಮೇಲೂ ಬಾಯಿ ಸುಮ್ಮನಿರಲಿಲ್ಲ. ಮದುವೆಯಾಗಿ ಮೂರು ವರ್ಷವಾದರೂ ಮಗುವಿಲ್ಲ, ಸಂಜೆಯಾದರೆ ಜಿಮ್ಮಂತೆ, ಟ್ರೇನಿಂಗಂತೆ, ತನಗಿಂತ ದೊಡ್ಡ ಚೀಲ ಹೊತ್ತು ಹೊರಡುವುದಂತೆ! ಹೀಗೆ ದಿನವಿಡೀ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಹಿತ್ತಲಿಗೆ ತಿರುಗುತ್ತಾ ಗೊಣಗುವುದೇ ಆಕೆಯ ಕೆಲಸವಾಗಿತ್ತು. ಈಗ ಆ ಕುಳ್ಳಿಯ ಬೆನ್ನು ಕಣ್ಣಮುಂದಿತ್ತು... ಮತ್ತು ಭಾಗೀರಥಿಗೆ ನೆನಪಾದದ್ದು ತನ್ನದೇ ಬೆನ್ನು. ಇಂಥದೇ ಹಬ್ಬದಂದು, ಬಚ್ಚಲಮನೆಯಲ್ಲಿ, ತನ್ನ ಅತ್ತೆ ಇದೇ ರೀತಿ ಸೆರಗು ಸರಿಸಿ ನೋಡಿದ್ದರು. ನೋಡಿ, ಒಂದು ಮಾತಾಡದೆ, ಎಣ್ಣೆ ಹಚ್ಚಿ ನೀರು ಹಾಕಿದ್ದರು. ಗಂಡನ ಹೊಡೆತಕ್ಕಿಂತ ಆ ಮೌನವೇ ಆಕೆಯನ್ನು ಹೆಚ್ಚು ಸುಟ್ಟಿತ್ತು.

ಬಟ್ಟಲು ಕೆಳಗಿಟ್ಟು ಭಾಗೀರಥಿ ದಡದಡನೆ ಹೊರಗೆ ನಡೆದಳು. ಅಡುಗೆಮನೆಯಲ್ಲಿ ವಿರುಪಾಕ್ಷ ಫೋನ್ ನೋಡುತ್ತಾ ಚಹಾ ಕುಡಿಯುತ್ತಿದ್ದ. ತಲೆ ಎತ್ತುವಷ್ಟರಲ್ಲಿ ಅವನ ಕೆನ್ನೆಗೆ ಎಣ್ಣೆಗೈಯ ಏಟು ಬಿತ್ತು.

"ನಿಮ್ಮಪ್ಪನ ಕೈ ನಿನಗೂ ಬಂತೇನೋ? ನನ್ನ ಹೊಟ್ಟ್ಯಾಗ ಹುಟ್ಟಿ... ಒಂದು ಹೆಣ್ಣಿನ ಮ್ಯಾಲೆ..."

"ಅವ್ವಾ! ಏನಾಗ್ಯದ ನಿನಗ?"

"ನನ್ನ ಮೈಮ್ಯಾಲೆ ಏಳೆಂಟು ವರ್ಷ ಇಂಥಾ ಕಲಿ ಇದ್ದೂವೋ! ನನ್ನತ್ತಿ ನೋಡಿ ಸುಮ್ಮನಿದ್ಲು. ನಾ ಸುಮ್ಮನಿರಾಕಿ ಅಲ್ಲ. ಬೀಗರನ್ನ ಕರಸ್ತೀನಿ, ಇವತ್ತ ಕರಸ್ತೀನಿ!"

ತಲೆಯಿಂದ ಎಣ್ಣೆ ಇಳಿಯುತ್ತಿದ್ದಂತೆಯೇ ಪ್ರಣತಿ ಓಡಿ ಬಂದು ಇಬ್ಬರ ನಡುವೆ ನಿಂತಳು. "ಅತ್ತೆ, ನೋ! ಅವ್ರು ನನ್ನನ್ನ ಟಚ್ ಕೂಡ ಮಾಡಿಲ್ಲ. ಅದು ಐಸ್ ಹಾಕಿ, ಅತ್ತೆ... ನಾನು ಮಂಜುಗಡ್ಡೆ ಮೇಲೆ ಹಾಕಿ ಆಡ್ತೀನಿ, ಆಟದಲ್ಲಿ ಬಿದ್ದ ಏಟು. ನೀವು ಬೇಜಾರು ಮಾಡ್ಕೋತೀರ ಅಂತ ಇಬ್ಬರೂ ಮುಚ್ಚಿಟ್ವಿ."

ಸತ್ಯ ತಿಳಿದ ಭಾಗೀರಥಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆಡಬಾರದ ಮಾತು ಬಾಯಿಂದ ಜಾರಿಹೋಗಿತ್ತು. ವಿರುಪಾಕ್ಷ ಕೆನ್ನೆ ಒರೆಸಿಕೊಳ್ಳಲಿಲ್ಲ. ಈಗಿಲ್ಲದ ತಂದೆಯನ್ನು ದೇವರೆಂದು ತಿಳಿದು ಬೆಳೆದ ಮಗ ಅವನು. ಅಪ್ಪನ ಹಾಗೆ ಬಾಳಬೇಕೆಂದು ಸ್ನೇಹಿತರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದವನು.

"ಅಪ್ಪಾ ನಿನ್ನ ಹೊಡೀತಿದ್ರಾ?"

ಭಾಗೀರಥಿ ತಲೆ ತಗ್ಗಿಸಿದಳು. ಆ ಸಂಕಟವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಅವನು ಹೆಂಡತಿಯ ಕಡೆ ತಿರುಗಿದ. "ಎಲ್ಲಾ ಈ ಆಟದಿಂದ ಆಗಿದ್ದು! ಸಾಕು ಇನ್ನ. ಮೆಲ್ಬರ್ನ್ ಮ್ಯಾಚೇ ಕಡೀದು. ಆಡಾಕ ಕರದಾರಲ್ಲ, ಆ ಸ್ವೀಡನ್ನಿನ ಕ್ಲಬ್ಬಿಗೆ ಬರೂದಿಲ್ಲ ಅಂತ ಹೇಳಿಬಿಡು. ನಾ ಹೇಳಿದ್ದು ಕೇಳು."

ಪ್ರಣತಿ ಗಂಡನನ್ನೇ ನೋಡಿದಳು. "ಓಕೆ" ಎಂದಷ್ಟೇ ಹೇಳಿ ತಲೆ ತೊಳೆಯಲು ಹೋದಳು.

ಅಂದಿನಿಂದ ಭಾಗೀರಥಿಗೆ ಕುಳಿತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೊಮ್ಮಗು ಬೇಕೆಂದು ಬಂದವಳಿಗೆ ಸೊಸೆ ಮನೆಯಲ್ಲಿ ಉಳಿಯುವುದೇ ಬೇಕಾಗಿತ್ತಲ್ಲವೇ? ಬೇಡಿಕೊಳ್ಳದೆಯೇ ಸಿಕ್ಕಿತಲ್ಲ! ಆದರೆ 'ನಾ ಹೇಳಿದ್ದು ಕೇಳು' ಎಂಬ ಆ ಮಾತು ಕಿವಿಯಿಂದ ಹೋಗಲೊಲ್ಲದು. ಧ್ವನಿ ಮಗನದು, ಮಾತು ಅವನಪ್ಪನದು. ಮಗ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ಸೊಸೆ ಮಾತ್ರ ಮೊದಲಿನಂತೆ ಬೆಳಿಗ್ಗೆ ಚಹಾ ತಂದುಕೊಡುತ್ತಿದ್ದಳು, ಅದೇ ಇನ್ನೂ ಸಂಕಟ.

ಮೆಲ್ಬರ್ನ್ ಪಂದ್ಯಕ್ಕೆ ಮೂವರೂ ಹೊರಟರು. ಉಳಿದುಕೊಂಡದ್ದು ಟಾರ್ನೀಟ್‌ನಲ್ಲಿ, ಪ್ರಣತಿಯ ತವರಿನಲ್ಲಿ. ಬೀಗರು ಗೋಪೀನಾಥ ಮೈಸೂರಿನವರು, ಮಾತಿಗೆ ಕುಳಿತರೆ ಏಳುವವರಲ್ಲ. ಊಟದ ಮೇಜಿನಲ್ಲಿ, ಮಗಳು ಒಳಗೆ ಚೀಲ ಕಟ್ಟಿಕೊಳ್ಳುತ್ತಿದ್ದಾಗ, ದನಿ ತಗ್ಗಿಸಿ ಹೇಳಿದರು:

"ನೋಡಿ ಬೀಗಿತ್ತಿ, ಚಿಕ್ಕೋಳಿದ್ದಾಗ ಕೋಚೇ ಹೇಳ್ಬಿಟ್ಟ, ಈ ಸೈಜಿಗೆ ಹಾಕಿ ಆಗಲ್ಲ, ಡ್ಯಾನ್ಸಿನ ಥರದ ಸ್ಕೇಟಿಂಗಿಗೆ ಕಳ್ಸಿ ಅಂತ. ಇವಳು ಕೇಳ್ಬೇಕಲ್ಲ! ದೊಡ್ಡೋರು ಮೇಲಿಂದ ನೋಡ್ತಾರೆ, ನಾನು ಕೆಳಗಿಂದ ನುಗ್ತೀನಿ ಅಂದ್ಳು. ಮದುವೆಗೆ ಮುಂಚೆ ಒಂದು ವಿಂಟರ್ ಸ್ವೀಡನ್ನಲ್ಲಿ ಸಂಬಳ ತಗೊಂಡು ಆಡಿ ಬಂದ್ಳು ಗೊತ್ತಾ? ಮುಂದಿನ ವರ್ಷ, ಆಟ ಚೆನ್ನಾಗಿದೆ, ಆಳು ಚಿಕ್ಕದು ಅಂತ ಬಿಟ್ಬಿಟ್ರು. ಅವತ್ತು ಅತ್ತಿದ್ದು ನಾನು ಮರೆಯಲ್ಲ... ಈಗ ಅದೇ ಕ್ಲಬ್ಬು ತಾನಾಗೇ ಕರೀತಾ ಇದೆ. ಅವಳ ವಯಸ್ಸಿಗೆ ಇನ್ನೊಂದು ಸಲ ಯಾರೂ ಕರೆಯೋದಿಲ್ಲ. ಬೇಡ ಅಂತ ಇವತ್ತು ಹೇಳ್ತಾಳಂತೆ. ಏನೋ, ಅವರವರ ಸಂಸಾರ."

ಭಾಗೀರಥಿ ಚಪಾತಿ ಮುರಿದ ಕೈಯನ್ನು ಬಾಯಿಗೆ ಒಯ್ಯಲಿಲ್ಲ. 'ಆಳು ಚಿಕ್ಕದು...' ನಾನೂ ಅದನ್ನೇ ಅಲ್ಲವೇ ಹೇಳುತ್ತಾ ಬಂದದ್ದು?

ಪಂದ್ಯ ನಡೆಯುವ ಐಸ್ ರಿಂಕಿನ ಚಳಿಗೆ ಸೀರೆಯ ಮೇಲೆ ಮಗನ ಜಾಕೆಟ್ ಹಾಕಿಕೊಂಡು, ಕಿವಿಗೆ ಶಾಲು ಸುತ್ತಿ ಭಾಗೀರಥಿ ಕುಳಿತಳು. ಮಂಜುಗಡ್ಡೆಯ ಮೇಲೆ ಎಲ್ಲರೂ ಮುಖಕ್ಕೆ ಜಾಲರಿ ತೊಟ್ಟವರೇ. ಆದರೆ ತನ್ನ ಸೊಸೆಯನ್ನು ಹುಡುಕುವ ಕಷ್ಟವೇ ಬರಲಿಲ್ಲ. ಎಲ್ಲರ ಭುಜಕ್ಕಿಂತ ಕೆಳಗಿದ್ದವಳು ಒಬ್ಬಳೇ. ಅಬ್ಬಾ, ಆ ಓಟ! ಮನೆಯಲ್ಲಿ ಪಾತ್ರೆಗೂ ಸದ್ದಾಗದಂತೆ ನಡೆಯುವ ಹುಡುಗಿ ಇಲ್ಲಿ ದೊಡ್ಡವರ ಕಾಲಸಂದಿಯಲ್ಲಿ ನುಗ್ಗುತ್ತಿದ್ದಳು, ಗೋಡೆಗೆ ಬಡಿದು ಬಿದ್ದು ಮತ್ತೆ ಏಳುತ್ತಿದ್ದಳು. ಒಮ್ಮೆ ಎದುರು ತಂಡದ ಎತ್ತರದ ಹುಡುಗಿ ಕೋಲೆತ್ತಿ ಗೋಲಿನತ್ತ ಬೀಸಿದಾಗ ಪ್ರಣತಿ ಹಿಂದುಮುಂದು ನೋಡದೆ ಅಡ್ಡ ಬಿದ್ದಳು. ಚೆಂಡಿನ ಬದಲು ಆಡುವ ಗಟ್ಟಿ ರಬ್ಬರಿನ ಬಿಲ್ಲೆ ಪಕ್ಕೆಗೆ ಬಡಿದ ಸದ್ದು ಮೇಲಿನ ಸಾಲಿನವರೆಗೂ ಕೇಳಿತು.

ವಿರುಪಾಕ್ಷ ಎದ್ದು ನಿಂತ. "ನೋಡಿದ್ಯಾ ಅವ್ವಾ? ನೋಡಿದ್ಯಾ? ಯಾರು ಹೇಳಿದ್ರು ಆಕಿಗೆ ಅಡ್ಡ ಬೀಳಂತ? ಅಷ್ಟ ಸಣ್ಣ ಜೀವಾ..."

"ನಿನಗ್ಯಾರು ಹೇಳಿದ್ರು?" ಎಂದಳು ಭಾಗೀರಥಿ.

"ಏನು?"

"ಕೂಡು. ಹೇಳ್ತೀನಿ." ಆಕೆ ಮಗನ ತೋಳು ಹಿಡಿದು ಕೂರಿಸಿದಳು. "ನೀ ಆಗ ನನ್ನ ಸೊಂಟಕ್ಕೂ ಬರ್ತಿದ್ದಿಲ್ಲ. ಅಡಗಿ ಮನ್ಯಾಗ ನಿಮ್ಮಪ್ಪಾ ನನಗ ಹೊಡ್ಯಾಕ ಕಟಗಿ ಎತ್ತಿದ್ರು. ಎಲ್ಲಿದ್ಯೋ ಏನೋ, ಓಡಿ ಬಂದು ನನ್ನ ಮುಂದ ನಿಂತಿ. ಆ ಏಟು ನಿನ್ನ ಮ್ಯಾಲೆ ಬಿತ್ತು. ನೀ ಅಳಲಿಲ್ಲೋ ವಿರೂ... ಎರಡೂ ಕೈ ಅಗಲ ಮಾಡಿ ನಿಂತಿದ್ದಿ. ಅವತ್ತ ಕಟಗಿ ಒಗದು ಹೊರಗ ಹ್ವಾದಾಂವ ಮತ್ತ ನನ್ನ ಮ್ಯಾಲೆ ಕೈ ಎತ್ತಲಿಲ್ಲ."

ಸುತ್ತಲೂ ಜನ ಕೂಗುತ್ತಿದ್ದರು. ಮಂಜಿನ ಮೇಲೆ ಪ್ರಣತಿ ಮೊಣಕಾಲೂರಿ ಎದ್ದು, ಪಕ್ಕೆ ಹಿಡಿದುಕೊಂಡೇ ಬೆಂಚಿನ ಕಡೆ ಸಾಗಿದಳು. ವಿರುಪಾಕ್ಷನ ಕಣ್ಣಿಂದ ನೀರು ಇಳಿಯುತ್ತಿತ್ತು.

"ನನಗ ಯಾಕ ನೆನಪಿಲ್ಲವ್ವಾ?"

"ನಾನ ಮರಸಿದೆ. ಬಾಗಲಾ ಬಡೀತು ಅಂದೆ. ನಿಮ್ಮಪ್ಪಾ ದೇವರಂಥಾಂವ ಅಂತ ದಿನಾ ಹೇಳಿದೆ. ಮಗಾ ಅಪ್ಪನ್ನ ದ್ವೇಷ ಮಾಡಬಾರದು ಅಂತ ಮಾಡಿದ್ದು... ತಪ್ಪಾತು. ಆದ್ರ ಅವತ್ತ ಯಾರರ ಬಂದು, ಸಣ್ಣ ಜೀವಾ, ಅಡ್ಡ ನಿಲ್ಲಬ್ಯಾಡಾ ಅಂತ ನಿನ್ನ ಎಳಕೊಂಡು ಹೋಗಿದ್ರ, ನಾ ಇವತ್ತ ಇಲ್ಲಿ ಕೂತಿರ್ತಿದ್ದಿಲ್ಲ."

ಪಂದ್ಯ ಮುಗಿಯಿತು. ಸೋತರೋ ಗೆದ್ದರೋ ಭಾಗೀರಥಿಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಒದ್ದೆ ಕೂದಲಲ್ಲಿ, ದೊಡ್ಡ ಚೀಲ ಎಳೆದುಕೊಂಡು ಪ್ರಣತಿ ಹೊರಗೆ ಬಂದಳು. ಇಬ್ಬರ ಮುಖವನ್ನೂ ನೋಡಿ ಗಾಬರಿಯಾಗಿ, "ಮುಗೀತು ಅತ್ತೆ. ಫೋನ್ ಮಾಡಿ ಹೇಳ್ಬಿಡ್ತೀನಿ, ಬರೋದಿಲ್ಲ ಅಂತ" ಎಂದಳು.

"ಖರೇ ಹೇಳು. ನಿನಗ ಹೋಗಬೇಕಂತ ಅದ ಏನ?" ಎಂದಳು ಭಾಗೀರಥಿ.

ಹುಡುಗಿ ಉತ್ತರಿಸಲು ಹೋಗಿ ತುಟಿ ಕಚ್ಚಿದಳು. ಅಷ್ಟು ಏಟು ತಿಂದೂ ಅಳದವಳು ಈ ಒಂದು ಪ್ರಶ್ನೆಗೆ ಬಿಕ್ಕಿಬಿಕ್ಕಿ ಅತ್ತಳು. "ತುಂಬಾ... ತುಂಬಾ ಇದೆ ಅತ್ತೆ."

ಭಾಗೀರಥಿ ಆಕೆಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಎಷ್ಟು ಸಣ್ಣ ತಲೆ! ಊರಿಗೆ ಹೋದರೆ ನಾದಿನಿ ರುದ್ರವ್ವ ಬಾಗಿಲಲ್ಲೇ ನಿಲ್ಲಿಸಿ ಸಿಹಿ ಸುದ್ದಿ ಕೇಳುತ್ತಾಳೆ. ಏನೂ ಇಲ್ಲವೆಂದು ಹೇಳಬೇಕು. ಸೊಸೆ ಮಗನನ್ನು ಬಿಟ್ಟು ಆಡಲು ಹೋದಳಂತೆ ಎಂಬ ಮಾತನ್ನೂ ಕೇಳಿಸಿಕೊಳ್ಳಬೇಕು. ಕೇಳಿಸಿಕೊಂಡರಾಯಿತು.

ವಿರುಪಾಕ್ಷ ಹೆಂಡತಿಯ ಚೀಲವನ್ನು ಹೆಗಲಿಗೇರಿಸಿದ. "ಸ್ವೀಡನ್ನಿಗೆ ಫೋನ್ ಹಚ್ಚು. ನಾ ಅಂದದ್ದು ಮರತುಬಿಡು, ಪ್ರಣತಿ... ನಿನಗ ಕೈ ಮುಗೀತೀನಿ" ಎಂದು ಕಾರಿನ ಕಡೆ ನಡೆದ.

ಕಾರಿನೊಳಗೆ ಕುಳಿತು ಪ್ರಣತಿ ಫೋನಿನಲ್ಲಿ ಇಂಗ್ಲಿಷಿನಲ್ಲೇ ಪಟಪಟನೆ ಮಾತಾಡಿದಳು. ಒಂದಕ್ಷರ ತಿಳಿಯದ ಭಾಗೀರಥಿ ಹಿಂದಿನ ಸೀಟಿನಲ್ಲಿ ಮಗನ ಮುಖವನ್ನೇ ನೋಡುತ್ತಿದ್ದಳು.

"ಏನಂತಾರೋ?"

"ಯಾವಾಗ ಬರ್ತಿ ಅಂತ ಕೇಳಾಕತ್ತಾರವ್ವಾ."

ಸಂಕ್ರಮಣ ಮುಗಿಸಿಕೊಂಡು ಹೋಗಲಿ, ಅಷ್ಟು ದಿನವಾದರೂ ಕಣ್ಣೆದುರಿಗಿರಲಿ, ಎನ್ನುವ ಮಾತು ಭಾಗೀರಥಿಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಸೆರಗಿನಿಂದ ಕಣ್ಣೊರೆಸಿ ಹೇಳಿದಳು:

"ಅವರು ಕರೆದಾಗ ಬರ್ತಾಳಂತ ಹೇಳು."