ತಟ್ಟದೇ ಉಳಿದ ಹನ್ನೊಂದು ಬಾಗಿಲು

‘ಗೊತ್ತಿಲ್ಲದವರ ಮನೆ ಬಾಗಿಲು ತಟ್ಟಲು ನನಗೆ ಭಯ. ಇದನ್ನು ಯಾರಿಗೂ ಹೇಳಬಾರದು.’

ಬೆಳಿಗ್ಗೆ ಡೈರಿಯಲ್ಲಿ ಹೀಗೆ ಬರೆದಿಟ್ಟು ಬಂದವಳು, ಹತ್ತು ಗಂಟೆಗೆ ಗಿರಣಿಯ ಹಿಂದಿನ ಓಣಿಯಲ್ಲಿ ಹದಿನೆಂಟನೇ ನಂಬರಿನ ಮನೆಯೆದುರು ಕೈಯೆತ್ತಿ ನಿಂತಿದ್ದಳು. ಎತ್ತಿದ ಕೈ ಎತ್ತಿದ ಹಾಗೇ ಇತ್ತು.

“ಬಾಗಿಲಿಗೆ ಆಶೀರ್ವಾದ ಮಾಡ್ತಿದೀರಾ?”

ಬೆಚ್ಚಿ ತಿರುಗಿದಳು. ಹಿಂದೆ ನಿಂತಿದ್ದವನು ಸಮೀಕ್ಷೆಗೆಂದು ಮೇಡಂ ಅವತ್ತಷ್ಟೇ ಅವಳಿಗೆ ಕೊಟ್ಟಿದ್ದ ಜೊತೆಗಾರ. ಜಾಗತಿಕ ಅಭಿವೃದ್ಧಿ ಅಧ್ಯಯನದ ಎಂ.ಎ. ತರಗತಿಯಲ್ಲಿ ಪಾಠ ಮುಗಿಯುವ ಮೊದಲೇ ಮೂರು ಪ್ರಶ್ನೆ ಕೇಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಪ್ರಶ್ನಪ್ಪ. ಒಂದು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದರೂ ಅವಳೊಂದಿಗೆ ಅವನಾಡಿದ ಮೊದಲ ಮಾತು ಇದು.

ಈಗಷ್ಟೇ ತಟ್ಟಿದೆ, ಯಾರೂ ತೆಗೆಯುತ್ತಿಲ್ಲ ಎಂದು ತೊದಲಿದಳು. ಅವನು ನಂಬಿದ. ನಕ್ಕು, ತನ್ನ ನೀರಿನ ಬಾಟಲಿ ಅವಳ ಕೈಗಿಟ್ಟು, ತನ್ನ ಪಾಲಿನ ಎದುರು ಸಾಲಿಗೆ ಹೋದ.

ಎಷ್ಟು ಸುಲಭವಾಗಿ ನಂಬಿಬಿಟ್ಟ...

ಹೊಸ ಆರೋಗ್ಯ ಕೇಂದ್ರ ಎಲ್ಲಿ ಬರಬೇಕೆಂದು ಇಲ್ಲಿಯ ಹೆಂಗಸರನ್ನು ಯಾರಾದರೂ ಕೇಳಿದ್ದರೇ? ಅವರ ಸಮೀಕ್ಷೆಯ ಮುಖ್ಯ ಪ್ರಶ್ನೆ ಅದು. ಅವಳ ಪಾಲಿಗೆ ಬಂದದ್ದು ಹತ್ತೊಂಬತ್ತು ಮನೆ. ಹೊಸ್ತಿಲ ಮೇಲೆ ಕೂತಿದ್ದ ಎಂಟು ಮನೆಯವರನ್ನು ಹೇಗೋ ಮಾತಾಡಿಸಿದ್ದಳು. ಕೊನೆಯ ಹನ್ನೊಂದು ಮನೆಗಳ ಬಾಗಿಲು ಮುಚ್ಚಿದ್ದವು.

ಮನೆಯಲ್ಲಿ ಯಾರೂ ಇಲ್ಲವೆಂದರೆ ಫಾರಂನಲ್ಲಿ ಎಪ್ಪತ್ತೇಳು ಎಂದು ಬರೆಯಬೇಕು. ಬರೆದರೆ ಇನ್ನೆರಡು ದಿನ ಅದೇ ಮನೆಗೆ ಮತ್ತೆ ಬರಬೇಕು. ಉತ್ತರ ಕೊಡಲು ಒಪ್ಪಲಿಲ್ಲವೆಂದರೆ ತೊಂಬತ್ತೊಂಬತ್ತು. ಒಪ್ಪದವರನ್ನು ಕಾಡಬಾರದು, ಆ ಮನೆಗೆ ಮತ್ತೆ ಯಾರೂ ಹೋಗುವ ಹಾಗಿಲ್ಲ.

ಓಣಿಯ ಕೊನೆಯ ಕಟ್ಟೆಯ ಮೇಲೆ ಕೂತು ಹನ್ನೊಂದು ಫಾರಂಗಳಲ್ಲೂ ತೊಂಬತ್ತೊಂಬತ್ತು ಎಂದು ಬರೆದಳು. ನಿಮ್ಮನ್ನು ಯಾರಾದರೂ ಕೇಳಿದರೇ ಎಂದು ಕೇಳಬೇಕಾದವಳು, ತಾನೇ ಕೇಳಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕ ತಂಗಿಯ ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಎಂದು ಕಂಡುಹಿಡಿದಳು. ತಂಗಿ ತಟ್ಟೆಯ ಅನ್ನ ಕಲಸುತ್ತಲೇ ಇದ್ದಳು.

“ಪ್ರಪಂಚದ ಬಡತನ ಓಡಿಸ್ತೀನಿ ಅಂತಾಳೆ ನಮ್ಮ ರಾಣಿ,” ಎಂದಳು ಅಕ್ಕ, “ಪಕ್ಕದ ಮನೆಗೆ ಹೋಗಿ ಮೊಸರು ಕೇಳಮ್ಮ ಅಂದ್ರೆ ಬೆವರ್ತಾಳೆ.”

ತಿಂಗಳಾಯಿತು. ಸಮೀಕ್ಷೆ ಇಬ್ಬರದಾದರೂ ಪ್ರಬಂಧ ಬೇರೆ ಬೇರೆ. ಪ್ರಶ್ನಪ್ಪ ಓಣಿಯ ನಕ್ಷೆ ಬರೆದು, ಒಂದೊಂದು ಮನೆಗೂ ಬಣ್ಣ ತುಂಬಿದ. ಕೊನೆಯ ಹನ್ನೊಂದು ಮನೆ ಒಟ್ಟಿಗೆ ಕಪ್ಪಾಗಿ ಎದ್ದು ಕಂಡವು. ಅವನ ಕಣ್ಣು ಅರಳಿತು. ಯಾರೂ ತಮ್ಮ ಮಾತು ಕೇಳದೆ ಇದ್ದಾಗ ಜನ ಮಾತನ್ನೇ ನಿಲ್ಲಿಸುತ್ತಾರೆ, ಈ ಮೌನ ಒಂದು ಪ್ರತಿಭಟನೆ ಎಂದು ಮೂರನೇ ಅಧ್ಯಾಯ ಪೂರ್ತಿ ಬರೆದ. ಮೇಡಂ ಅದನ್ನು ತರಗತಿಯಲ್ಲಿ ಓದಿಸಿದರು. ಅವಳು ಡೆಸ್ಕಿನ ಗೀರುಗಳನ್ನೇ ನೋಡುತ್ತ ಕೂತಿದ್ದಳು.

ಈಗ ಹೇಳಿಬಿಡಲಾ? ಇಲ್ಲ, ತರಗತಿ ಮುಗಿಯಲಿ... ತರಗತಿ ಮುಗಿಯಿತು. ನಾಳೆ ಹೇಳೋಣ... ನಾಳೆಯೂ ಹೋಯಿತು.

ಕೊನೆಗೆ ಲೈಬ್ರರಿಯ ಮೆಟ್ಟಿಲ ಬಳಿ ಅವನೇ ಬಂದು ನಿಂತ. ಮೂರು ಪ್ರಶ್ನೆಯವನ ಬಾಯಲ್ಲಿ ಅವತ್ತು ಒಂದೂ ಪ್ರಶ್ನೆಯಿರಲಿಲ್ಲ.

“ಹನ್ನೊಂದು ಮನೆಯವ್ರು ಆಗಲ್ಲ ಅಂದ್ರೂ, ಪ್ರತಿ ಸಲ ಮುಂದಿನ ಬಾಗಿಲು ತಟ್ಟಿದ್ರಲ್ಲ ನೀವು... ನನ್ನ ಕೈಲಿ ಆಗ್ತಿರಲಿಲ್ಲ. ಅವತ್ತಿಂದ ನನ್ನ ತಲೇಲಿ ನೀವೇ. ನಿಮ್ಮನ್ನ ತುಂಬಾ ಇಷ್ಟಪಡ್ತೀನಿ.”

ನೀರಿನ ಬಾಟಲಿ ಕೈಗಿಟ್ಟ ದಿನದಿಂದ ಅವಳು ಕಾಯುತ್ತಿದ್ದ ಮಾತು ಅದು. ಬಂದದ್ದು ಮಾತ್ರ ಬೇರೆ ಯಾರದೋ ವಿಳಾಸಕ್ಕೆ.

ಕಣ್ಣು ತುಂಬಿತು. ಮುಖ ತಿರುಗಿಸಿ ಮೆಟ್ಟಿಲಿಳಿದು ಹೊರಟುಹೋದಳು.

ಅವನು ಅದನ್ನೇ ಉತ್ತರವೆಂದು ತಿಳಿದ. ಮರುದಿನದಿಂದ ಹಿಂದಿನ ಬೆಂಚಿನಲ್ಲಿ ಕೂತ. ಎದುರು ಸಿಕ್ಕರೆ ತಾನೇ ದಾರಿ ಬಿಟ್ಟ. ಅವನ ಆ ಮರ್ಯಾದೆ ಅವಳನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಹೇಳಿದರೆ ತನ್ನದಷ್ಟೇ ಅಲ್ಲ, ಅವನ ಪ್ರಬಂಧವೂ ಹೋಗುತ್ತದೆ. ಹೇಳದಿದ್ದರೆ ಅವನು ಎಂದಿಗೂ ಇಲ್ಲದ ಒಬ್ಬಳನ್ನು ಇಷ್ಟಪಡುತ್ತಲೇ ಇರುತ್ತಾನೆ. ಯಾವ ಕಡೆ ಹೆಜ್ಜೆಯಿಟ್ಟರೂ ಅವನನ್ನೇ ತುಳಿದಂತೆ...

ಪ್ರಬಂಧ ಒಪ್ಪಿಸುವ ಹಿಂದಿನ ದಿನ ಮಧ್ಯಾಹ್ನ, ಅವನು ಬೈಂಡಿಂಗ್ ಅಂಗಡಿಗೆ ಹೋಗಿದ್ದಾನೆಂದು ಮೇಡಂ ಹೇಳಿದ್ದೇ ತಡ, ಅವಳ ಕಾಲುಗಳು ತಾವಾಗಿಯೇ ಅತ್ತ ನಡೆದವು.

ಅಂಗಡಿಯ ಮುದುಕರು ರಟ್ಟಿಗೆ ಗೋಂದು ಸವರುತ್ತಿದ್ದರು. ಸ್ಟೂಲಿನ ಮೇಲೆ ಕೂತಿದ್ದವನು ಅವಳನ್ನು ನೋಡಿ ಎದ್ದ.

“ಆಗಲ್ಲ ಅಂತ ಬಾಯಿಬಿಟ್ಟು ಹೇಳಿದ್ರೂ ಸಾಕಿತ್ತು,” ಎಂದ ಮೆಲ್ಲಗೆ. “ನನ್ನ ಹೆಸರಿನ ಮುಂದೂ ತೊಂಬತ್ತೊಂಬತ್ತು ಬರೆದು ಹೋಗಿಬಿಟ್ರಿ.”

ಅವಳು ಮೊದಲು ಮುದುಕರ ಕಡೆ ತಿರುಗಿ, ದಯವಿಟ್ಟು ಅಂಟಿಸಬೇಡಿ ಎಂದಳು. ಆಮೇಲೆ ಒಂದೇ ಉಸಿರಿನಲ್ಲಿ, ಗೋಂದಿನ ಡಬ್ಬಿಯನ್ನೇ ನೋಡುತ್ತ ಎಲ್ಲವನ್ನೂ ಒಪ್ಪಿಸಿದಳು. ಹನ್ನೊಂದರಲ್ಲಿ ಒಂದು ಬಾಗಿಲನ್ನೂ ತಟ್ಟಿರಲಿಲ್ಲ. ಆ ಮನೆಯವರು ಮೌನವಾಗಿರಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಅವನು ಮತ್ತೆ ಸ್ಟೂಲಿನ ಮೇಲೆ ಕುಸಿದ. ಹಾಳೆಗಳನ್ನು ಎಳೆದುಕೊಂಡು ಮೂರನೇ ಅಧ್ಯಾಯವನ್ನು ಬೇರೆ ತೆಗೆದಿಟ್ಟ. ಉಳಿದದ್ದು ತೆಳ್ಳಗಾಗಿ ಕಂಡಿತು.

“ಗೋಂದು ಒಣಗ್ತಿದೆ,” ಎಂದರು ಮುದುಕರು. “ಜಗಳ ಏನಿದ್ರೂ ಬೇಗ ಮುಗಿಸ್ರಪ್ಪ.”

ಇವತ್ತು ಬೈಂಡಿಂಗ್ ಬೇಡ ಎಂದು ಅವರಿಗೆ ಹೇಳಿ, ಅವನು ಹಾಳೆಗಳನ್ನು ಚೀಲಕ್ಕೆ ತುಂಬಿದ. ಈ ಸಲದ ಪದವಿ ಕೈ ತಪ್ಪಿತು, ಇನ್ನು ಆರು ತಿಂಗಳು ಎಂದು ತನಗೇ ಹೇಳಿಕೊಂಡ. ಅವಳಿಗೆ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

“ನಂಗೆ ಕೋಪ ಬಂದಿದೆ. ಇವತ್ತು ಹೋಗಲ್ಲ ಅದು,” ಎಂದ ಕೊನೆಗೆ. “ಮೇಡಂಗೆ ಇಬ್ರೂ ಹೋಗಿ ಹೇಳೋಣ. ನಾಳೆ ಆ ಓಣಿಗೆ ಹೋಗೋಣ. ನಾನು ಪಕ್ಕದಲ್ಲಿರ್ತೀನಿ, ತಟ್ಟೋದು ನೀವೇ.”

ಅವಳು ತಲೆಯಾಡಿಸಿದಳು.

“ಒಂದು ಹೇಳಿ. ಯಾರಿಗೂ ಗೊತ್ತಾಗ್ತಿರಲಿಲ್ಲ ಇದು. ಹೇಳದೇ ಇದ್ದಿದ್ರೆ ನಾನು ನಿಮ್ಮನ್ನ ಹಾಗೇ ಇಷ್ಟಪಡ್ತಿದ್ದೆ. ಮತ್ಯಾಕೆ ಹೇಳಿದ್ರಿ?”

ಡೈರಿಯಲ್ಲಾದರೆ ನಾಲ್ಕು ಪುಟ ಬರೆಯುತ್ತಿದ್ದಳು. ಇಲ್ಲಿ ಮೊದಲ ಸಲ ಅವನ ಕಣ್ಣನ್ನೇ ನೋಡಿದಳು.

“ನೀವು ಇಷ್ಟಪಟ್ಟೋಳು ನಾನಲ್ಲ,” ಎಂದಳು. “ನಿಮ್ಮನ್ನ ಇಷ್ಟಪಟ್ಟೋಳು ನಾನು.”