ಹಳದಿ ಹೊದಿಕೆಯ ಕೆಳಗಿನ ಸೈಕಲ್

ಆನ್‌ಲೈನ್‌ನಲ್ಲಿ ತರಿಸಿದ ರೋಡ್ ಸೈಕಲನ್ನು ತಳ್ಳಿಕೊಂಡು ಅದೇ ಸೈಕಲ್ ಅಂಗಡಿಯ ಮುಂದೆ ಬಂದು ನಿಂತಾಗ, ಅವಳಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಇಡೀ ಬೇಸಿಗೆ ಕ್ಲಿನಿಕ್ ಮುಗಿಸಿ ಅವಳು ನೇರ ಇಲ್ಲಿಗೇ ಬರುತ್ತಿದ್ದಳು. ಊರವರ ಮಂಡಿನೋವು ನೋಡುವ ಫಿಸಿಯೋಥೆರಪಿಸ್ಟ್‌ಗೆ ಕಡಿಮೆ ಬೆಲೆಯ ಮೊದಲ ಸೈಕಲ್ ಬೇಕಿತ್ತು. ಅಂಗಡಿಯವನು ಒಂದೊಂದನ್ನೂ ಹತ್ತಿಸಿ ನೋಡುತ್ತಿದ್ದ. ಕಣ್ಣಿಗೆ ಕಣ್ಣು ಸೇರಿದ ಕೂಡಲೇ ಚೈನಿನಲ್ಲಿ ಏನೋ ಕೆಟ್ಟಿದೆ ಎಂಬಂತೆ ಬಗ್ಗಿಬಿಡುತ್ತಿದ್ದ. ಕೊನೆಗೆ ಅದೇ ಮಾತು: "ಇದು ನಿಮಗೆ ದೊಡ್ಡದಾಯ್ತು. ನಿಮ್ಮ ಸೈಜು ಬರ್ಬೇಕು, ಸ್ವಲ್ಪ ದಿನ ಕಾಯ್ತೀರಾ?"

ಕಾದೂ ಕಾದೂ ಅವಳಿಗೆ ರೋಸಿಹೋಯಿತು. ಮಾರುವ ಮನಸ್ಸೂ ಇಲ್ಲ, ಮಾತಾಡುವ ಮನಸ್ಸೂ ಇಲ್ಲ, ಇಂಥವನ ಹಿಂದೆ ತಾನೇಕೆ ಅಲೆಯಬೇಕು? ಆ ಸಿಟ್ಟಿನಲ್ಲೇ ಫೋನಿನಲ್ಲಿ ಆರ್ಡರ್ ಮಾಡಿದಳು. ಪೆಟ್ಟಿಗೆ ಬಂತು. ವಿಡಿಯೋ ನೋಡಿ ತಾನೇ ಜೋಡಿಸಿದಳು.

ಸೈಕಲ್ ಕಂಡು ಅವನ ಮುಖ ಸಪ್ಪಗಾಯಿತು. ಆಮೇಲೆ ಮುಂದಿನ ಚಕ್ರ ನೋಡಿ ತುಟಿ ಕಚ್ಚಿಕೊಂಡ.

"ನಗಬೇಡಿ."

"ನಗ್ತಿಲ್ಲ. ಚಕ್ರ ಹಿಡಿಯೋ ಫೋರ್ಕ್ ಹಿಂದುಮುಂದಾಗಿದೆ, ಅಷ್ಟೆ."

"ಅದಕ್ಕೇನಾ ತಿರುಗಿಸಿದಾಗ್ಲೆಲ್ಲ ಚಕ್ರ ಕಾಲಿಗೆ ತಾಕ್ತಿತ್ತು!"

ಇಬ್ಬರಿಗೂ ನಗು ಕಿತ್ತುಕೊಂಡು ಬಂತು. ಅವನು ಫೋರ್ಕ್ ಸರಿಮಾಡಿ ಕೊಟ್ಟ. ಅವಳು ಹತ್ತಿದಳು. ಕಾಲ್ಬೆರಳು ಕೂಡ ನೆಲಕ್ಕೆ ಎಟುಕಲಿಲ್ಲ.

"ದೊಡ್ಡದಾಗುತ್ತೆ ಅಂದಿದ್ನಲ್ಲ."

"ಚಿಕ್ಕದು ಕೊಟ್ರಾ ನೀವು?"

ಕೌಂಟರಿನಲ್ಲಿದ್ದ ಅವನ ಅಕ್ಕನಿಗೆ ತಡೆಯಲಾಗಲಿಲ್ಲ. "ಲೋ, ನೀನು ಹೇಳ್ತೀಯೋ, ನಾನೇ ಹೇಳ್ಲೋ?"

"ಅಕ್ಕಾ, ಸುಮ್ನಿರು."

ಅಕ್ಕ ಎದ್ದು ಹೋಗಿ ಮೂಲೆಯಲ್ಲಿದ್ದ ಹಳದಿ ಹೊದಿಕೆ ಎಳೆದಳು. ಕೆಳಗೊಂದು ಪುಟ್ಟ ನೀಲಿ ಸೈಕಲ್ ಫಳಫಳ ಹೊಳೆಯುತ್ತಿತ್ತು. "ಬಂದು ಯಾವ ಕಾಲ ಆಯ್ತಮ್ಮ. ಬೇರೆಯವ್ರು ಕೇಳಿದ್ರೆ ಮಾರಾಟಕ್ಕಿಲ್ಲ ಅಂತಾನೆ. ದಿನಾ ಒರೆಸಿ ಮುಚ್ಚಿಡ್ತಾನೆ."

ಅವಳು ಅವನತ್ತ ತಿರುಗಿದಳು. "ನನಗ್ಯಾಕೆ ಹೇಳ್ಲಿಲ್ಲ?"

ಅವನ ಕಿವಿ ಕೆಂಪಾಯಿತು. "ಹೇಳಿದ್ರೆ ತಗೊಂಡು ಹೋಗ್ಬಿಡ್ತೀರಿ. ಆಮೇಲೆ ಸಂಜೆಯೆಲ್ಲ ನಾನು ಯಾರ ದಾರಿ ನೋಡ್ಲಿ?"

ಇಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ! ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. "ಪೆದ್ದು! ಸೈಕಲ್ ತಗೊಂಡವ್ರಿಗೆ ಪಂಕ್ಚರ್ ಆಗಲ್ವಾ? ಚೈನ್ ಬೀಳಲ್ವಾ?"

"ಒಳ್ಳೆ ಸೈಕಲ್ ಅದು. ಬೇಗ ಕೆಡಲ್ಲ," ಅಂದ ಪಾಪದವನು.

"ನಾನೇ ಕೆಡಿಸ್ಕೊಂಡು ಬರ್ತಿದ್ದೆ. ಇರ್ಲಿ, ನಿಮ್ಮ ಸೈಕಲ್ ಎಲ್ಲಿ?"

"ನನ್ನದು ಅಂತ ಎಲ್ಲಿದೆ? ಇಟ್ಕೊಂಡಿದ್ದನ್ನೆಲ್ಲ ಮಾರಿಬಿಡ್ತೀನಿ."

ಅವಳು ದೊಡ್ಡ ಸೈಕಲನ್ನು ಅವನತ್ತ ತಳ್ಳಿದಳು. "ಹತ್ತಿ."

ಹತ್ತಿದ. ಈ ಸಲ ಬಗ್ಗಿದ್ದು ಅವಳು. ಪೆಡಲ್ ಮೇಲೆ ಕಾಲಿಟ್ಟಿದ್ದ ಅವನ ಮಂಡಿಗೆ ಕೈಯಿಟ್ಟು, ರೋಗಿಗಳನ್ನು ನೋಡುವಷ್ಟೇ ಗಂಭೀರವಾಗಿ ನೋಡಿದಳು.

"ಅಳತೆ ಸರಿಯಾಗಿದೆ. ಇದು ನಿಮಗೆ, ಆ ನೀಲಿ ನನಗೆ. ನಾಳೆ ಬೆಳಿಗ್ಗೆಯಿಂದ ಇಬ್ರೂ ಜೊತೆಗೆ."

"ನಿಜವಾಗ್ಲೂ?"

"ನೀವಂದ್ರೆ ನಂಗಿಷ್ಟ ಕಣ್ರೀ! ಬರೀ ಸೈಕಲ್ ನೋಡೋಕೆ ಯಾರಾದ್ರೂ ಇಡೀ ಬೇಸಿಗೆ ಬರ್ತಾರಾ?"

"ಹಾಗಾದ್ರೆ ನಾಳೆ ತನಕ ಯಾಕೆ?" ಅವನು ಆಗಲೇ ಒಂದು ಸುತ್ತು ತುಳಿದಿದ್ದ. "ಅಕ್ಕಾ, ಅಂಗಡಿ ನೋಡ್ಕೋ!"

"ಇಷ್ಟು ದಿನ ನೀನು ಬಾಗ್ಲು ನೋಡ್ತಿದ್ದಾಗ ಅಂಗಡಿ ನೋಡ್ಕೊಂಡಿದ್ದು ಇನ್ಯಾರೋ?"

ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಎರಡು ಸೈಕಲ್‌ಗಳೂ ತಿರುವು ದಾಟಿದ್ದವು. ಅಕ್ಕ ನಗುತ್ತಾ ಹಳದಿ ಹೊದಿಕೆಯನ್ನು ಕೊಡವಿ, ಮಡಿಸಿ, ಒಳಗಿಟ್ಟಳು.