ಸಮುದ್ರ ಕಾಣದ ಹೊಳೆ

ನಾಳೆ ಸಂಜೆ ಏಳರೊಳಗೆ ಲೆಫ್ಟಿನೆಂಟ್ ಸಾಹೇಬರನ್ನು ಜೀವಸಹಿತ ಶಿಬಿರಕ್ಕೆ ತರಬೇಕು ಎಂದು ಮೇಜರ್ ಆಜ್ಞೆ ಮಾಡಿದರು. ಹವಾಲ್ದಾರ್ ನಾಗಪತಿ ನಾಯ್ಕ ಸೆಲ್ಯೂಟ್ ಹೊಡೆದು ಹೊರಗೆ ಬಂದ.

ಅದು 1965ರ ಆಗಸ್ಟ್. ಕಾಶ್ಮೀರದ ಬೆಟ್ಟಗಳಲ್ಲಿ ನುಸುಳುಕೋರರು ಗುಂಪುಗುಂಪಾಗಿ ಇಳಿಯುತ್ತಿದ್ದರು. ಅವರ ಜಾಡು ಹುಡುಕಲು ಹೋದ ಲೆಫ್ಟಿನೆಂಟರ ತೊಡೆಗೆ ಗುಂಡು ಬಿದ್ದಿತ್ತು. ಹೊಳೆಯಾಚೆ ಐದು ಮೈಲಿ ದೂರದಲ್ಲಿ, ಒಬ್ಬ ಕುರಿಗಾಹಿಯ ಗುಡಿಸಲಿನಲ್ಲಿ ಅವರು ಮಲಗಿದ್ದಾರೆಂಬ ಸುದ್ದಿಯನ್ನು ಆ ಕುರಿಗಾಹಿಯೇ ತಂದಿದ್ದ. ಸೈನ್ಯದ ಲಾರಿಗಳು ಓಡಾಡುವ ದೊಡ್ಡ ಸೇತುವೆಯನ್ನು ಮರುದಿನ ರಾತ್ರಿ ಸ್ಫೋಟಿಸಲು ಶತ್ರು ಯಾವ ದಾರಿಯಲ್ಲಿ ಬರುತ್ತಾನೆಂಬುದು ಲೆಫ್ಟಿನೆಂಟರಿಗೆ ಗೊತ್ತಿತ್ತು. ಅದನ್ನು ಚೀಟಿಯಲ್ಲಿ ಬರೆದು ಕಳಿಸುವ ಹುಚ್ಚುತನ ಅವರು ಮಾಡಿರಲಿಲ್ಲ.

ನಾಗಪತಿ ತನ್ನ ಊರಿನ ಕಡೆಯ ಮೂವರನ್ನೇ ಆರಿಸಿಕೊಂಡ. ಆತ ಹೊನ್ನಾವರದವ. ದಾಸ ಹರಿಕಂತ್ರ ಮುರ್ಡೇಶ್ವರದ ಮೀನುಗಾರರ ಮನೆಯವ, ನಡೆಯುವುದಕ್ಕಿಂತ ಮೊದಲು ಈಜು ಕಲಿತವ. ದುರ್ಗ ಗೌಡ ಕುಮಟಾದ ಹೊಳನಗದ್ದೆಯವ. ಮಾತು ಕಡಿಮೆ, ಗುರಿ ನಿಖರ. ಬ್ರೆನ್ ಗನ್ ಅವನ ಕೈಯಲ್ಲಿತ್ತು. ಟೆಲಿಫೋನ್ ತಂತಿ ಎಳೆಯುವ ಸೋಮ ಭಟ್ಕಳದವ, ದುರ್ಗನ ಪಾಲಿನ ಮಾತನ್ನೂ ತಾನೇ ಆಡುವವ.

ಹೊಳೆ ದಾಟಲು ಎರಡು ದಾರಿ ಇದ್ದವು. ಶಿಬಿರದಿಂದ ಅರ್ಧ ಗಂಟೆ ಇಳಿದರೆ ಕಲ್ಲುಗಳ ನಡುವೆ ದಾಟಬಹುದಿತ್ತು. ಇಲ್ಲವೇ ಮೂರು ಮೈಲಿ ಕೆಳಗಿನ ಮರದ ದಿಮ್ಮಿಯ ಸಂಕಕ್ಕೆ ಸುತ್ತಿ ಹೋಗಬೇಕಿತ್ತು. ನೀರಿನ ವಿಷಯ ಬಂದರೆ ನಾಗಪತಿ ಕೇಳುವುದು ದಾಸನನ್ನೇ. ಅವರು ಅಲ್ಲಿಗೆ ಬಂದು ಎರಡೇ ದಿನವಾಗಿತ್ತು. ಎರಡೂ ಮುಂಜಾನೆ ನೀರು ತರಲು ಇಳಿದಾಗ ದಾಸ ಕಲ್ಲಿನ ಮೇಲಿನ ಒದ್ದೆ ಗುರುತು ನೋಡಿದ್ದ. ನೀರು ರಾತ್ರಿ ಏರಿ ಬೆಳಗಿಗೆ ಇಳಿದಿತ್ತು.

"ಬೆಳಿಗ್ಗೆ ಐದಕ್ಕೆ ಇಳಿತ ಅಣ್ಣ. ಸಂಜೆ ಐದೂವರೆಗೆ ಮತ್ತೊಂದು ಇಳಿತ ಬತ್ತು. ಸಂಕ ಎಂತಕ್ಕೆ?" ಎಂದ ದಾಸ.

ನಾಗಪತಿ ತಲೆಯಾಡಿಸಿದ. ಅವನೂ ಕಡಲಿನೊಡನೆ ನೀರು ಏರಿಳಿಯುವ ಶರಾವತಿಯ ದಂಡೆಯವನೇ. ನೀರು ಏರಿತೆಂದರೆ ಆರು ಗಂಟೆಯಲ್ಲಿ ಇಳಿಯುತ್ತದೆ ಎಂದು ಹುಟ್ಟಿನಿಂದ ನಂಬಿದವರು ಅವರು. ಈ ಹೊಳೆ ಸಮುದ್ರದ ಮುಖವನ್ನೇ ನೋಡಿಲ್ಲವೆಂಬುದು ನಾಲ್ವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ!

ಬೆಳಿಗ್ಗೆ ಐದಕ್ಕೆ ಮೊಣಕಾಲುದ್ದದ ನೀರಿನಲ್ಲಿ ದಾಟಿದರು. ಗಾಯಾಳುವನ್ನು ಇಳಿಸಲು ಬೇಕಾದೀತೆಂದು ತಂದ ಉದ್ದ ಹಗ್ಗ ದಾಸನ ಹೆಗಲಲ್ಲಿತ್ತು. ಆಚೆ ದಂಡೆಯಿಂದ ಏರು ಶುರು. ದೇವದಾರು ಮರಗಳು ಒಂದರ ಹೆಗಲಿಗೆ ಒಂದು ತಾಗಿದಂತೆ ನಿಂತಿದ್ದವು. ಬಿಸಿಲು ಬಿದ್ದಲ್ಲೆಲ್ಲ ಅಂಟಿನ ವಾಸನೆ. ಮರಗಳ ನಡುವೆ ಅಲ್ಲಲ್ಲಿ ಹಸಿರು ಬಯಲು, ಅದರಾಚೆ ಬೂದು ಬಂಡೆಗಳ ಗೋಡೆ, ಎಲ್ಲಕ್ಕಿಂತ ಮೇಲೆ ಆಗಸ್ಟಿನಲ್ಲೂ ಕರಗಿ ಮುಗಿಯದ ಹಿಮ. ಯಾಣದ ಬಂಡೆಗಳನ್ನು ನೋಡಿ ಬೆಟ್ಟವೆಂದರೆ ಇಷ್ಟೇ ಅಂದುಕೊಂಡಿದ್ದೆ ಎಂದು ಸೋಮ ಏದುಸಿರಿನ ನಡುವೆಯೂ ಹೇಳಿದ. ಉಳಿದವರು ಉಸಿರು ಉಳಿಸಿಕೊಂಡರು.

ಹತ್ತು ಗಂಟೆಗೆ ಗುಡಿಸಲು ಸಿಕ್ಕಿತು. ಲೆಫ್ಟಿನೆಂಟರಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು, ಜ್ವರದಲ್ಲಿ ಕಣ್ಣು ಕೆಂಪಾಗಿತ್ತು. ಎರಡು ಕೋಲು, ಒಂದು ಕಂಬಳಿ ಸೇರಿಸಿ ಡೋಲಿ ಕಟ್ಟಿದರು. ಲೆಫ್ಟಿನೆಂಟರ ಸಾಮಾನಿನ ಜೊತೆ ಬಿದ್ದಿದ್ದ ಟೆಲಿಫೋನ್ ತಂತಿಯ ಸುರುಳಿಯನ್ನು ಬಿಟ್ಟು ಬರಲು ಸೋಮನಿಗೆ ಮನಸ್ಸಾಗಲಿಲ್ಲ; ಹೆಗಲಿಗೆ ಹಾಕಿಕೊಂಡ.

ಐದೂಕಾಲಿಗೆ ಹೊಳೆಯ ದಂಡೆಗೆ ಬಂದರು. ಬೆಳಿಗ್ಗೆ ದಾಟಿದ ಕಲ್ಲುಗಳು ಕಾಣೆಯಾಗಿದ್ದವು. ಕೆಸರು ಬಣ್ಣದ ನೀರು ದಂಡೆಯಿಂದ ದಂಡೆಗೆ ಮೊರೆಯುತ್ತ ಓಡುತ್ತಿತ್ತು.

ದಾಸ ಹಿಮದ ಶಿಖರದತ್ತ ನೋಡಿದ. ಹಗಲೆಲ್ಲ ಬಿಸಿಲು ಕಾಯಿಸಿದ ಹಿಮ ನೀರಾಗಿ ಸಂಜೆಗೆ ಇಲ್ಲಿ ಮುಟ್ಟುತ್ತದೆ, ರಾತ್ರಿಯ ಚಳಿಗೆ ಹಿಮ ಕಟ್ಟಿ ಬೆಳಗಿಗೆ ನೀರು ಇಳಿಯುತ್ತದೆ. ದಿನಕ್ಕೆ ಒಂದೇ ಇಳಿತ.

ಅಷ್ಟರಲ್ಲಿ ಹಿಂದಿನ ಇಳಿಜಾರಿನಿಂದ ಗುಂಡು ಹಾರಿತು.

ಸೋಮನ ತೋಳು ಸೀಳಿತು. ಡೋಲಿಯನ್ನು ಬಂಡೆಯ ಮರೆಗೆ ಎಳೆದುಕೊಂಡು ಎಲ್ಲರೂ ಬಿದ್ದರು. ದುರ್ಗ ಬ್ರೆನ್ ಗನ್ ಹೂಡಿದ. ಮರಗಳ ನಡುವೆ ಓಡುವ ನೆರಳುಗಳನ್ನು ನಾಗಪತಿ ಎಣಿಸಿದ. ಮೂವತ್ತೈದು, ನಲವತ್ತು. ಇವರು ನಾಲ್ವರು, ಜೊತೆಗೆ ಏಳಲಾರದ ಒಬ್ಬ.

"ನನ್ನ ತಪ್ಪು ಅಣ್ಣ," ಎಂದ ದಾಸ.

"ತಪ್ಪು ಆಮೇಲೆ ನೋಡ್ವ. ಹಗ್ಗ ತಕಂಡು ಈಜ್ತ್ಯ?"

"ಈಜ್ತೆ."

ದಾಸ ಈಜಿ ಹಗ್ಗ ಕಟ್ಟಬೇಕು, ಉಳಿದವರು ಅದನ್ನು ಹಿಡಿದು ದಾಟಬೇಕು. ಅಷ್ಟು ಹೊತ್ತು ನಲವತ್ತು ಮಂದಿಯನ್ನು ದಂಡೆಗೆ ಬರದಂತೆ ತಡೆಯಬೇಕು. ದುರ್ಗ ಸೋಮನ ತಂತಿಯ ಸುರುಳಿ ಕೇಳಿದ. ನಾಲ್ವರ ಊಟದ ಡಬ್ಬಿಗಳಲ್ಲಿ ಕಲ್ಲು ತುಂಬಿ ತಂತಿಗೆ ಪೋಣಿಸಿದ. ತೆವಳಿಕೊಂಡು ಹೋಗಿ ಎಡಕ್ಕೆ ಎರಡು, ಬಲಕ್ಕೆ ಎರಡು ಡಬ್ಬಿಗಳನ್ನು ಪೊದೆಗಳಿಗೆ ತೂಗುಬಿಟ್ಟು, ತಂತಿಯ ತುದಿಗಳನ್ನು ತನ್ನ ಬಂಡೆಯ ಹತ್ತಿರ ತಂದ. ಹೊಳನಗದ್ದೆಯಲ್ಲಿ ಕಾಡುಹಂದಿ ಬರದಂತೆ ಗದ್ದೆ ಕಾಯುವವರು ಮಾಡುವುದು ಇದನ್ನೇ. ಒಬ್ಬನೇ ಮಾಳದ ಅಟ್ಟದ ಮೇಲೆ ಕೂತು ಗದ್ದೆಯ ನಾಲ್ಕು ಮೂಲೆಯ ಡಬ್ಬಗಳನ್ನು ಹಗ್ಗದಿಂದ ಎಳೆಯುತ್ತಾನೆ. ಹಂದಿಗಳು ಗದ್ದೆ ತುಂಬ ಜನರಿದ್ದಾರೆಂದು ತಿಳಿಯುತ್ತವೆ.

ದುರ್ಗ ಎಡದ ತಂತಿ ಎಳೆದ. ಪೊದೆ ಅಲ್ಲಾಡಿ ಸದ್ದಾಯಿತು. ಶತ್ರುವಿನ ಹತ್ತು ಬಂದೂಕು ಅತ್ತ ತಿರುಗಿದವು. ಹೊಗೆ ಕಂಡಲ್ಲಿಗೆ ದುರ್ಗ ಗುಂಡು ಸುರಿದ. ಕೂಡಲೇ ಪಕ್ಕದ ಬಂಡೆಗೆ ಉರುಳಿ ಬಲದ ತಂತಿ ಎಳೆದ. ಮೇಲೆ ಕೂಗಾಟ ಎದ್ದಿತು. ಇಡೀ ತುಕಡಿಯೇ ಇದೆಯೆಂದು ಅವರು ನಂಬಿಬಿಟ್ಟಿದ್ದರು.

ನಾಗಪತಿ ಹಗ್ಗದ ಒಂದು ತುದಿಯನ್ನು ಈಚೆಯ ಬಂಡೆಗೆ ಕಟ್ಟಿದ. ದಾಸ ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದು, ದಂಡೆಗುಂಟ ಐವತ್ತು ಹೆಜ್ಜೆ ಮೇಲಕ್ಕೆ ಓಡಿ ಧುಮುಕಿದ. ನೀರಲ್ಲ, ಹಿಮದ ಕತ್ತಿ. ಅವನು ಸೆಳವಿನೊಡನೆ ಜಗಳಕ್ಕೆ ಹೋಗಲಿಲ್ಲ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ದಾಟಿಸುವಂತೆ ಮೈಯನ್ನು ಓರೆ ಮಾಡಿ, ನೀರು ಎಳೆದತ್ತಲೇ ಹೋಗುತ್ತ ಸ್ವಲ್ಪಸ್ವಲ್ಪವೇ ಆಚೆಗೆ ಸರಿದ. ಒಂದು ಬಂಡೆ ಪಕ್ಕೆಗೆ ಬಡಿಯಿತು. ಬೇರೊಂದು ಕೈಗೆ ಸಿಕ್ಕಿತು.

ಆಚೆ ದಂಡೆಯ ಮರಕ್ಕೆ ಹಗ್ಗ ಬಿಗಿಯಿತು.

ಸೋಮ ಒಂದೇ ಕೈಯಲ್ಲಿ ದಾಟಿದ. ನಾಗಪತಿ ಲೆಫ್ಟಿನೆಂಟರನ್ನು ಬೆನ್ನಿಗೆ ಕಟ್ಟಿಕೊಂಡು ದಾಟಿದ. ಎರಡು ಸಲ ಮುಳುಗಿ ಎದ್ದ. ದಂಡೆಗೆ ಬಿದ್ದೊಡನೆ ತಿರುಗಿ ದುರ್ಗನಿಗೆ ಕೈ ಬೀಸಿದ.

ದುರ್ಗ ಬರಲಿಲ್ಲ. ಗನ್ನು ಸುಮ್ಮನಾದ ಮರುಕ್ಷಣವೇ ನಲವತ್ತು ಮಂದಿ ದಂಡೆಗೆ ಇಳಿಯುತ್ತಾರೆ, ಎದುರಿನ ಬೋಳು ಏರಿನಲ್ಲಿ ಹತ್ತುವವರನ್ನು ಒಬ್ಬೊಬ್ಬರನ್ನಾಗಿ ಹೊಡೆಯುತ್ತಾರೆ. ಅದು ಅವನಿಗೆ ಕಾಣುತ್ತಿತ್ತು. ದಾಸನಿಗೂ ಕಂಡಿತು. ಅವನು ಮರಳಿ ಹಗ್ಗ ಹಿಡಿದು ನೀರಿಗಿಳಿದ.

ಅದನ್ನು ನೋಡಿದ ದುರ್ಗ ತೆವಳಿ ಬಂದು ತನ್ನ ಕಡೆಯ ಗಂಟು ಬಿಚ್ಚಿದ. ಹಗ್ಗ ಸಡಿಲಾಗಿ ಸೆಳವಿಗೆ ಹರಿಯಿತು.

"ಹೋಗು ಮಾರಾಯ. ಸಾಹೇಬ್ರು ಮುಟ್ಲಿ," ಎಂದು ಕೂಗಿ ಗನ್ನಿನ ಹತ್ತಿರ ಹೋದ.

ಅವರು ಏರು ಹತ್ತಿದರು. ಮುಕ್ಕಾಲು ಗಂಟೆ ಹಿಂದಿನಿಂದ ಬ್ರೆನ್ ಗನ್ನಿನ ಸದ್ದು ಕೇಳುತ್ತಲೇ ಇತ್ತು. ಶಿಬಿರದ ಕಾವಲುಗಾರ ಕಾಣುವ ಹೊತ್ತಿಗೆ ಅದು ನಿಂತಿತು. ದಾಸ ಅಲ್ಲೇ ನಿಂತು ಅತ್ತ. ನಾಗಪತಿ ಅವನ ರಟ್ಟೆ ಹಿಡಿದು ನಡೆಸಿದ.

ಏಳಕ್ಕೆ ಹತ್ತು ನಿಮಿಷವಿತ್ತು. ಲೆಫ್ಟಿನೆಂಟರು ನಕ್ಷೆಯ ಮೇಲೆ ಬೆರಳಿಟ್ಟು ದಾರಿ ತೋರಿಸಿದರು. ಸೇತುವೆ ಉಳಿಯಿತು. ಮರುದಿನ ಮುಂಜಾನೆ ಮೊಣಕಾಲುದ್ದದ ನೀರಿನಲ್ಲಿ ದಾಟಿ ಹೋಗಿ ದುರ್ಗನನ್ನು ತಂದರು. ಅವನ ಸುತ್ತ ಖಾಲಿ ತೋಟೆಗಳ ರಾಶಿ ಇತ್ತು. ನೀರು ತುಂಬಿದ್ದಕ್ಕೇ ಶತ್ರು ನಮ್ಮ ಬೆನ್ನು ಹತ್ತಲಿಲ್ಲ ಎಂದು ನಾಗಪತಿ ದಾಸನಿಗೆ ನಾಲ್ಕಾರು ಸಲ ಹೇಳಿದ. ದಾಸನ ಮನಸ್ಸಿಗೆ ಅದು ಹಿಡಿಯಲಿಲ್ಲ.

ಡಿಸೆಂಬರಿನಲ್ಲಿ ರಜೆ ಸಿಕ್ಕಿತು. ದಾಸ ಮುರ್ಡೇಶ್ವರದ ಮನೆಗೆ ಹೋಗುವ ಮೊದಲು ಕುಮಟಾದಲ್ಲೇ ಬಸ್ಸಿನಿಂದ ಇಳಿದು ಹೊಳನಗದ್ದೆಗೆ ನಡೆದ. ದುರ್ಗನ ತಾಯಿ ಸಣ್ಣಿ ಅಂಗಳದಲ್ಲಿ ಭತ್ತ ತೂರುತ್ತಿದ್ದಳು. ಸೈನ್ಯದ ಕಾಗದವನ್ನು ಅಂಚೆಯವನು ಆಗಲೇ ಓದಿ ಹೇಳಿದ್ದ. ಕಾಗದದಲ್ಲಿ ಇಲ್ಲದ್ದನ್ನು ಹೇಳಲು ದಾಸ ಬಂದಿದ್ದ. ಸಂಕಕ್ಕೆ ಸುತ್ತಿ ಹೋಗಿದ್ದರೆ ದುರ್ಗ ಬದುಕುತ್ತಿದ್ದನೇನೋ, ಇಳಿತದ ಸುಳ್ಳು ಲೆಕ್ಕ ಹೇಳಿದವನು ತಾನು ಎಂದು ಒಂದನ್ನೂ ಮುಚ್ಚಿಡದೆ ಹೇಳಿದ.

ಸಣ್ಣಿ ಮೊರ ಕೆಳಗಿಟ್ಟಳು. ಜಗಲಿಯ ಅಂಚಿಗೆ ಕುಳಿತಳು.

"ಲೆಕ್ಕ ತಪ್ಪಿದ್ದು ನೀನು ಅಂತ ದುರ್ಗಂಗೆ ಗೊತ್ತಿತ್ತ?"

"ಗೊತ್ತಿತ್ತು ಅಮ್ಮ. ಅವ್ನ ಎದುರೇ ಹೇಳಿದ್ದೆ."

"ಗೊತ್ತಿದ್ದೇ ಹಗ್ಗ ಬಿಚ್ಚಿದ್ನ?"

"ಹೌದು."

"ಅವನೇ ನಿಂಗೆ ಬೈಲಿಲ್ಲ. ನಾ ಎಂತಕ್ಕೆ ಬೈಲಿ?" ಸಣ್ಣಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ಕೈ ತೊಳ್ಕ ಬಾ ಮಗಾ. ಉಂಬುಕೆ ಹೊತ್ತಾತು."

ದಾಸ ಕೈ ತೊಳೆದು ಬಂದು ಜಗಲಿಯಲ್ಲಿ ಕುಳಿತ. ಆಗಸ್ಟಿನಿಂದ ಈಚೆಗೆ ಅವನು ಹೊಟ್ಟೆ ತುಂಬ ಉಂಡದ್ದು ಅಂದೇ.